ನೀಲಿ ಹೊದಿಕೆಯ ಎರಡು ತುಂಡು

ಭಾನುವಾರ, ಏಪ್ರಿಲ್ 27, 1924
ಹಲ್ ತರೂನ

ನನ್ನ ಮದುವೆ ಆಗಿಹೋಯಿತು! ನಿನ್ನೆ ಬೆಳಿಗ್ಗೆ, ವಲೆಟ್ಟಾದ ನಮ್ಮ ಇಗರ್ಜಿಯಲ್ಲಿ, ಕಿತ್ತಳೆ ಹೂವಿನ ಕಿರೀಟ ಇಟ್ಟುಕೊಂಡು ನಾನು ವಿಸ್ಟಿನ್‌ನ ಹೆಂಡತಿಯಾದೆ. ಇದನ್ನು ಇಂಗ್ಲಿಷಿನಲ್ಲಿ ಬರೆಯೋಣ ಅಂದುಕೊಂಡೆ. ಹನ್ನೊಂದು ವರ್ಷ ಶಾಲೆಯಲ್ಲಿ ಸಿಸ್ಟರುಗಳು ಅದನ್ನೇ ತಾನೇ ತಿದ್ದಿಸಿದ್ದು. ಆದರೆ ಸಂತೋಷ ನಮ್ಮ ಮಾತಿನಲ್ಲೇ ಬರುತ್ತಿದೆ, ಏನು ಮಾಡಲಿ!

ಮದುವೆಯ ಕರಾರಿನಲ್ಲಿ ವಿಸ್ಟಿನ್ ಬರೆದುಕೊಟ್ಟಿದ್ದಾನೆ: ಪ್ರತಿ ವರ್ಷ ಇಮ್ನಾರ್ಯ ಹಬ್ಬಕ್ಕೆ ನನ್ನನ್ನು ಬುಸ್ಕೆಟ್ ತೋಪಿಗೆ ಕರೆದುಕೊಂಡು ಹೋಗುತ್ತೇನೆ ಎಂದು. ಈಗಿನ ಕಾಲದಲ್ಲಿ ಯಾರು ಬರೆಸುತ್ತಾರೆ ಅದನ್ನು? ನಮ್ಮಮ್ಮ ಬರೆಸಿದಳು. ಅವನು ನಗುತ್ತಾ ರುಜು ಹಾಕಿದ.

ಅಜ್ಜಿಯ ನೀಲಿ ರೇಷ್ಮೆ ಹೊದಿಕೆಯನ್ನು ಅಮ್ಮ ಮೊನ್ನೆ ಕತ್ತರಿ ಹಿಡಿದು ನಡುವೆ ಕತ್ತರಿಸಿದಳು. ಅರ್ಧ ನನ್ನ ಪೆಟ್ಟಿಗೆಗೆ, ಅರ್ಧ ತಂಗಿ ಈನೆಸ್‌ಗೆ. ಕತ್ತರಿಯ ಸದ್ದಿಗೆ ಈನೆಸ್ ಅತ್ತುಬಿಟ್ಟಳು. "ನಾಳೆ ಇವಳೂ ಹೀಗೇ ಹೋಗ್ತಾಳೆ" ಅಂತ. ಪೆದ್ದಿ! ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ.

ಶುಕ್ರವಾರ, ಮೇ 2

ಅತ್ತೆಯ ಹೆಸರು ಜೀಝಾ. ಮನೆಯಲ್ಲಿ ಅವರು, ನಾವಿಬ್ಬರು, ಮೈದುನ ಬೆರ್ತು. ಬೆರ್ತು ಕಲ್ಲುಗಣಿಯಲ್ಲಿ ಕೆಲಸ ಮಾಡುತ್ತಾನೆ, ಅವನ ಹುಬ್ಬಿನ ಮೇಲೂ ಕಲ್ಲಿನ ಬಿಳಿ ಪುಡಿ. ವಿಸ್ಟಿನ್ ಬೆಳಿಗ್ಗೆ ರೈಲಿನಲ್ಲಿ ಹಡಗುಕಟ್ಟೆಯ ಕಚೇರಿಗೆ ಹೋಗಿ ಸಂಜೆ ಬರುತ್ತಾನೆ. ಬಂದವನೇ ಕ್ಲಬ್ಬಿಗೆ. ಸಂತ ಮಾರ್ಗರೀಟ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವವನು ನನ್ನ ಗಂಡ! ಆ ಡೋಲು ನನಗಿಂತ ಎತ್ತರ. ಅದರ ಕೋಲಿನ ತಲೆ ಒಂದು ಬ್ರೆಡ್ಡಿನಷ್ಟು ದಪ್ಪ.

ಈ ಊರಿನಲ್ಲಿ ಎರಡು ಬ್ಯಾಂಡು. ನಮ್ಮದು ಮಾರ್ಗರೀಟಳ ಕೆಂಪು. ಅವರದು ಸಂತ ರೋಕ್ಕುವಿನ ನೀಲಿ. ಚೌಕದ ಈ ಕಡೆ ನಮ್ಮ ಕ್ಲಬ್ಬು, ಆ ಕಡೆ ಅವರದು. ಕೆಂಪಿನವರು ಕೆಂಪಿನವನ ಅಂಗಡಿಯಲ್ಲೇ ಬ್ರೆಡ್ಡು ಕೊಳ್ಳುತ್ತಾರೆ, ಕೆಂಪಿನವನ ಮೇಕೆಯ ಹಾಲನ್ನೇ ಕುಡಿಯುತ್ತಾರೆ. ಇವತ್ತು ಬಿಸಿಲೆಂದು ರಸ್ತೆ ದಾಟಲು ಹೋದೆ.

"ಆ ಕಡೆ ನಡೀಬೇಡ" ಅಂದರು ಅತ್ತೆ.

"ಯಾಕತ್ತೆ? ಅಲ್ಲಿ ನೆರಳಿದೆಯಲ್ಲ?"

"ಆ ನೆರಳು ನಮ್ದಲ್ಲ."

ನಗು ತಡೆಯಲಾಗಲಿಲ್ಲ. ಮೇಕೆಗೂ ಬಣ್ಣವಂತೆ, ನೆರಳಿಗೂ ಬಣ್ಣವಂತೆ! ಈನೆಸ್ ಬಂದಾಗ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಬೇಕು.

ಭಾನುವಾರ, ಮೇ 18

ಎಲ್ಲವನ್ನೂ ಸರಿಯಾಗಿ ಬರೆಯಬೇಕು.

ಈನೆಸ್ ಬೆಳಗಿನ ಗಾಡಿಗೆ ಬಂದಿದ್ದಳು. ಅತ್ತೆ ಇಗರ್ಜಿಗೆ ಹೋಗಿದ್ದರು, ಗಂಡಸರು ಕ್ಲಬ್ಬಿನಲ್ಲಿದ್ದರು. ನಾವಿಬ್ಬರೂ ಬಾಲ್ಕನಿಯಲ್ಲಿ ಕೂತು ಬಟಾಣಿ ತುಂಬಿದ ಪಾಸ್ತಿತ್ಸಿ ತಿನ್ನುತ್ತಿದ್ದೆವು. ಬೀದಿಯ ತುದಿಯಿಂದ ಬ್ಯಾಂಡು ಕೇಳಿಸಿತು. ಮುಂದೆ ಬಾವುಟ, ಹಿಂದೆ ಸಂತನ ಸಣ್ಣ ಮೂರ್ತಿ. ಯಾವ ಬಣ್ಣದವರದೆಂದು ನಾನು ನೋಡಲೇ ಇಲ್ಲ. ವಲೆಟ್ಟಾದಲ್ಲಿ ಯಾವ ಸಂತ ಬಂದರೂ ನಾವು ಮನೆಯ ಒಳ್ಳೆಯ ಬಟ್ಟೆಯನ್ನು ಬಾಲ್ಕನಿಯಿಂದ ಇಳಿಬಿಡುತ್ತೇವೆ. ನಾನು ಓಡಿಹೋಗಿ ಪೆಟ್ಟಿಗೆಯಿಂದ ಅಜ್ಜಿಯ ಹೊದಿಕೆ ತಂದು ಹರಡಿದೆ. ಈನೆಸ್ ಕಾಗದದ ಚೂರು ಎರಚಿದಳು.

ಬ್ಯಾಂಡು ನಿಂತೇಬಿಟ್ಟಿತು. ಆಮೇಲೆ ಇಡೀ ಬೀದಿ ಕೂಗಿತು: "ವಿವಾ ಮದುಮಗಳು! ಜೀಝಾಳ ಮನೆ ಮೇಲೆ ನೀಲಿ!" ಉದ್ದ ಕುತ್ತಿಗೆಯ ಒಬ್ಬ ಹುಡುಗ ಟೋಪಿ ತೆಗೆದು ಬಾಗಿ ನಮಸ್ಕರಿಸಿ, ಕತ್ತೆತ್ತಿ ಟ್ರಂಪೆಟ್ ಊದಿದ. ಎಷ್ಟು ಚೆನ್ನಾಗಿ ಊದಿದನೆಂದರೆ ಈನೆಸ್ ತಿನ್ನುವುದನ್ನೇ ಮರೆತಳು. ಅವನ ಹೆಸರು ಲಿಪ್ಪು ಎಂದು ಈಗ ಗೊತ್ತಾಯಿತು. ನಾನು, ಅಯ್ಯೋ ದೇವರೇ, ನಾನು ತುಟಿಗೆ ಬೆರಳಿಟ್ಟು ಮುತ್ತು ತೂರಿದೆ.

ಅತ್ತೆ ಒಳಗೆ ಬಂದವರು ಏನೂ ಕೇಳಲಿಲ್ಲ. ಹೊಡೆದರು. ತಲೆ ಬಾಗಿಲಿಗೆ ಬಡಿಯಿತು, ಬಾಯಲ್ಲಿ ರಕ್ತದ ರುಚಿ. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹೊಡೆದಿರಲಿಲ್ಲ. ಈನೆಸ್ ನಡುವೆ ಬಂದಳು.

"ಅಕ್ಕನ್ನ ಮುಟ್ಟಬೇಡಿ! ಅವಳಿಗೆ ಗೊತ್ತಿರಲಿಲ್ಲ!"

"ಗೊತ್ತಿಲ್ದೆ ಇರೋರು ವಲೆಟ್ಟಾದಲ್ಲೇ ಇರ್ಬೇಕು. ನೀನೂ ಹೊರಡು" ಅಂದರು ಅತ್ತೆ. ಆಮೇಲೆ ಗೋಡೆಯ ಮೇಲಿನ, ತೀರಿಹೋದ ಮಾವನ ಫೋಟೋ ನೋಡಿ ಮೆಲ್ಲಗೆ, "ಆ ಬಾಯಿ ಇನ್ನು ಊದಬಾರದು" ಅಂದರು. ಯಾರ ಬಾಯಿ ಎಂದು ಆಗ ತಿಳಿಯಲಿಲ್ಲ.

ಮಧ್ಯಾಹ್ನ ಚೌಕದಲ್ಲಿ ಹೊಡೆದಾಟ. ಬೆರ್ತು ಮನೆಗೆ ಬಂದಾಗ ಅವನ ಎಡಗಿವಿಯ ಕೆಳತುದಿ ಇರಲಿಲ್ಲ. ಯಾರೋ ಕಚ್ಚಿದ್ದರು. ಎಲ್ಲ ನನ್ನಿಂದ.

ಸೋಮವಾರ, ಮೇ 19

ವಿಸ್ಟಿನ್ ನನ್ನೊಡನೆ ಮಾತಾಡುತ್ತಿಲ್ಲ.

ಭಾನುವಾರ, ಮೇ 25

ಇವತ್ತು ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದರು. ಹೊಡೆದ ಕೈಯೇ, ಆದರೆ ಎಷ್ಟು ಮೃದು! ಬಾಚುತ್ತಾ ಮಾವನ ಕಥೆ ಹೇಳಿದರು. ಹಬ್ಬಕ್ಕೆ ಸಿಡಿಸುವ ಗರ್ನಾಲು ಕಟ್ಟುವ ಗುಡಿಸಲಿನಲ್ಲಿ ಮಾವ ಮದ್ದು ಅರೆಯುತ್ತಿದ್ದರಂತೆ. ಸದ್ದು ಮೂರು ಊರಿಗೆ ಕೇಳಿಸಿತಂತೆ. ಸಿಕ್ಕಿದ್ದು ಒಂದು ಬೂಟು.

"ಮದ್ದಿನಲ್ಲಿ ಮರಳು ಬೆರೆಸಿದ್ರು" ಅಂದರು. "ಮರಳು ಉಜ್ಜಿದ್ರೆ ಸಾಕು, ಕಿಡಿ. ಲಿಪ್ಪುವಿನ ಅಪ್ಪ ಹಿಂದಿನ ಸಂಜೆ ಆ ಕಡೆ ಸುಳಿದಿದ್ದನ್ನ ನನ್ನ ಕಣ್ಣಾರೆ ನೋಡಿದ್ದೀನಿ."

"ಪೊಲೀಸರಿಗೆ ಹೇಳಲಿಲ್ವಾ?"

"ಪೊಲೀಸರು ಯಾವ ಬಣ್ಣ ಅಂತ ನಿನಗೇನು ಗೊತ್ತು, ಮಗು."

ಮಗು ಅಂದರು! ನನಗೆ ಅಳು ಬಂತು. ಇಷ್ಟು ದುಃಖ ಹೊತ್ತವರ ಮನೆಯ ಮೇಲೆ ನಾನು ಆ ಬಟ್ಟೆ ಹರಡಿದೆನಲ್ಲ. ಸಂಜೆ ಅವರು ಗರ್ನಾಲಿನ ಕಾಗದದ ಚಿಪ್ಪಿಗೆ ಹುರಿ ಸುತ್ತುವುದನ್ನು ಕಲಿಸಿದರು. ಬಿಗಿಯಾಗಿ, ಒಂದರ ಪಕ್ಕ ಒಂದು, ಸಂದು ಬಿಡದೆ. ಸಂದು ಬಿಟ್ಟರೆ ಸದ್ದು ಸೋರಿಹೋಗುತ್ತದಂತೆ.

"ಸಿಸ್ಟರುಗಳ ಶಾಲೇಲಿ ಕಸೂತಿ ಕಲ್ತ ಬೆರಳು, ನೋಡ್ರೋ!" ಅಂದ ಬೆರ್ತು, ಕಿವಿಗೆ ಪಟ್ಟಿ ಕಟ್ಟಿಕೊಂಡೇ. "ಅತ್ತಿಗೆ ಸುತ್ತಿದ ಗರ್ನಾಲು ಇಂಗ್ಲಿಷಿನಲ್ಲಿ ಸಿಡಿಯುತ್ತೆ!"

ವಿಸ್ಟಿನ್ ನಕ್ಕ. ನನ್ನನ್ನು ನೋಡಿ ನಕ್ಕ!

ಸೋಮವಾರ, ಜೂನ್ 30

ಇಮ್ನಾರ್ಯಕ್ಕೆ ಹೋಗಿಬಂದೆವು. ಕರಾರು ನೆರವೇರಿತು.

ಮದುವೆಯ ಲಂಗವನ್ನೇ ಉಟ್ಟಿದ್ದೆ, ಸೊಂಟಕ್ಕೆ ಕೆಂಪು ಪಟ್ಟಿ. ಬುಸ್ಕೆಟ್‌ನ ಮರಗಳ ಕೆಳಗೆಲ್ಲ ದೀಪ, ವೈನು, ಬೆಳ್ಳುಳ್ಳಿ ಹಾಕಿ ಹುರಿದ ಮೊಲ. ಗಿಟಾರಿನವರ ಸುತ್ತ ಜನ ನೆರೆದು, ಇಬ್ಬರು ಎದುರೆದುರು ನಿಂತು ಹಾಡಿನಲ್ಲೇ ಬೈದಾಡುವುದನ್ನು ಕೇಳುತ್ತಿದ್ದರು. ನಮ್ಮ ಕಡೆಯಿಂದ ಬೆರ್ತು ಎದ್ದ. ಅವರ ಕಡೆಯಿಂದ ಲಿಪ್ಪು.

ಬೆರ್ತು ಹಾಡಿದ: ನಿಮ್ಮ ರೋಕ್ಕುವಿನ ಕಾಲ ಬಳಿಯ ನಾಯಿಗೆ ನಿಮ್ಮ ಬ್ಯಾಂಡು ಕೇಳಿ ಕಿವಿನೋವು. ಎಲ್ಲರೂ ನಕ್ಕರು. ಲಿಪ್ಪು ಯೋಚಿಸಲೂ ಇಲ್ಲ: ಕಿವಿಯ ಮಾತು ಆಡಬೇಡಪ್ಪ, ನಿನಗೆ ಇರೋದೇ ಒಂದೂವರೆ, ನಿಮ್ಮನೆ ಸೊಸೆಗೆ ಮಾತ್ರ ಸರಿಯಾಗಿ ಕೇಳುತ್ತೆ, ನಮ್ಮ ಬ್ಯಾಂಡಿಗೆ ಮುತ್ತು ಕೊಡ್ತಾಳೆ.

ಇಡೀ ತೋಪು ನನ್ನತ್ತ ತಿರುಗಿತು.

ವಿಸ್ಟಿನ್ ಎದ್ದ. ಸಂಜೆ ಬ್ಯಾಂಡಿನಲ್ಲಿ ಬಾರಿಸಿದ್ದ ಡೋಲಿನ ಕೋಲು ಇನ್ನೂ ಅವನ ಕೈಯಲ್ಲೇ ಇತ್ತು. ಜನರ ನಡುವೆ ದಾರಿ ಮಾಡಿಕೊಂಡು, ಅವಸರವಿಲ್ಲದೆ, ಡೋಲಿಗೆ ಹೊಡೆಯುವ ಹಾಗೆಯೇ ಪೂರ್ತಿ ತೋಳು ಬೀಸಿ ಲಿಪ್ಪುವಿನ ಬಾಯಿಗೆ ಹೊಡೆದ. ಒಣ ಕೊಂಬೆ ಮುರಿದಂತಹ ಸದ್ದು. ಲಿಪ್ಪು ಮೊಣಕಾಲ ಮೇಲೆ ಕೂತು ಕೈಯೊಡ್ಡಿದ, ಹಲ್ಲುಗಳು ಅಂಗೈಗೆ ಬಿದ್ದವು. ವಿಸ್ಟಿನ್ ಇನ್ನೊಮ್ಮೆ ಹೊಡೆದ. ಆಮೇಲೆ ಬಾಟಲಿ, ಬೆಂಚು, ಚಾಕು. ಮರಕ್ಕೆ ಕಟ್ಟಿದ್ದ ಕತ್ತೆಯೊಂದು ಇರಿತಕ್ಕೆ ಸಿಕ್ಕಿ ಮಗುವಿನಂತೆ ಕಿರುಚಿತು. ನಾನೂ ಕಿರುಚಿದೆ. ವಾಂತಿ ಮಾಡಿಕೊಂಡೆ.

ಗಾಡಿಯಲ್ಲಿ ಬರುವಾಗ ವಿಸ್ಟಿನ್ ನನ್ನ ಭುಜಕ್ಕೆ ಒರಗಿದ. "ನಿನಗೋಸ್ಕರ ಕಣೇ" ಅಂದ. ಮದುವೆಯ ಲಂಗದ ಮೇಲೆ ಕಲೆಯಾಗಿದೆ. ಉಪ್ಪು ಹಾಕಿ ಉಜ್ಜಬೇಕು.

ನನಗೋಸ್ಕರ. ಇದುವರೆಗೆ ಯಾರೂ ನನಗೋಸ್ಕರ ಏನೂ ಮಾಡಿರಲಿಲ್ಲ.

ಭಾನುವಾರ, ಜುಲೈ 6

ವಲೆಟ್ಟಾಗೆ ಹೋಗಿದ್ದೆ. ಈನೆಸ್ ಲಿಪ್ಪುವನ್ನು ಮದುವೆಯಾಗುತ್ತಾಳಂತೆ!

ಆ ಬಾಲ್ಕನಿಯ ದಿನದ ನಂತರ ಅವನು ಭಾನುವಾರಗಳಲ್ಲಿ ವಲೆಟ್ಟಾಗೆ ಬರುತ್ತಿದ್ದನಂತೆ. ಈಗ ಆಸ್ಪತ್ರೆಯಲ್ಲಿದ್ದಾನೆ. ಇವಳು ದಿನಾ ಹೋಗಿ ಚಮಚದಲ್ಲಿ ಸಾರು ಕುಡಿಸುತ್ತಾಳೆ.

"ಮುಂದಿನ ಹಲ್ಲು ಆರು ಹೋಗಿವೆ, ಅಕ್ಕ. ತುಟಿಗೆ ಹೊಲಿಗೆ. ಇನ್ನು ಊದೋಕಾಗಲ್ಲ ಅಂದ್ರು ಡಾಕ್ಟರು. ಅದನ್ನ ಕೇಳಿ ಅವನು ಗೋಡೆ ಕಡೆ ತಿರುಗಿ ಮಲಗಿದ."

"ಹಾಡಿದ್ದು ಅವನೇ ತಾನೇ" ಅಂದೆ.

"ಏನಂದೆ?"

"ಅಷ್ಟು ಜನರ ಮುಂದೆ ನನ್ನ ಮಾತು ಎತ್ತಿದ್ದು ಅವನು. ಹಲ್ಲು ಮಾತ್ರ ತಾನೇ, ಕಟ್ಟಿಸ್ಕೋಬಹುದು."

ಈನೆಸ್ ನನ್ನ ಕೈ ಹಿಡಿದು ಬೆರಳು ತಿರುವಿ ನೋಡಿದಳು. ಹುರಿ ಸುತ್ತಿ ಸುತ್ತಿ ಬೆರಳಿನ ಸಂದುಗಳು ಸೀಳಿವೆ. "ಇದೇನಕ್ಕ?" ಅಂದಳು. ಮನೆಕೆಲಸ ಅಂದೆ. ಅವಳಿಗೆ ಹೇಳಿದರೆ ಅರ್ಥವಾಗುವುದಿಲ್ಲ. ವಲೆಟ್ಟಾದವರಿಗೆ ಯಾವುದರಲ್ಲೂ ಮನಸ್ಸಿಲ್ಲ.

ಸೋಮವಾರ, ಜುಲೈ 21

ನಿನ್ನೆ ನಮ್ಮ ಮಾರ್ಗರೀಟಳ ಹಬ್ಬ! ನಾನು ಸುತ್ತಿದ ಗರ್ನಾಲುಗಳು ಒಂದೂ ಹುಸಿಯಾಗಲಿಲ್ಲ. ಒಂದೊಂದು ಸಿಡಿದಾಗಲೂ ಅತ್ತೆ ನನ್ನ ತೋಳು ಹಿಡಿದು, "ಇದು ನಿನ್ನದು, ಇದೂ ನಿನ್ನದು" ಅಂದರು. ನೀಲಿಯವರ ಕ್ಲಬ್ಬಿನ ಎರಡು ಕಿಟಕಿ ಸದ್ದಿಗೇ ಒಡೆದವು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅವರ ಹುಡುಗರು ಖಾಲಿ ಶವಪೆಟ್ಟಿಗೆ ಹೊತ್ತುಕೊಂಡು ನಮ್ಮ ಬೀದಿಗೆ ಬಂದರು. ಅದರ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಒಂದು ಹಳೆಯ ಬೂಟು. ಒಂದೇ ಬೂಟು. ನಮ್ಮ ಬಾಗಿಲ ಮುಂದೆ ನಿಂತು ಅಳುವ ಹಾಗೆ ನಟಿಸಿದರು. "ಜೀಝಾ, ಗಂಡನ್ನ ತಂದಿದ್ದೀವಿ, ಇಳಿಸ್ಕೊಳ್ಳೇ!"

ಅತ್ತೆಯ ಮುಖ ನೋಡಲಾಗಲಿಲ್ಲ. ಒಲೆಯ ಮೇಲೆ ಮ್ಯಾಕರೋನಿಗೆಂದು ಇಟ್ಟಿದ್ದ ದೊಡ್ಡ ಪಾತ್ರೆ ಇತ್ತು. ಎತ್ತಿಕೊಂಡು ಬಾಲ್ಕನಿಗೆ ಹೋದೆ. ಭಾರವೆನಿಸಲೇ ಇಲ್ಲ. ನೀರು ಕುದಿಯುತ್ತಿತ್ತೋ ಇಲ್ಲವೋ ನೆನಪಿಲ್ಲ. ಹಬೆಯಂತೂ ಇತ್ತು. ಪೆಟ್ಟಿಗೆ ಹೊತ್ತಿದ್ದವನೊಬ್ಬನ ಕತ್ತಿನ ಮೇಲೆ, ಬೆನ್ನ ಮೇಲೆ ಬಿತ್ತು. ಅವನು ಅಂಗಿ ಕಿತ್ತುಕೊಳ್ಳುವಾಗ ಅಂಗಿಯ ಜೊತೆ ಬೇರೆಯದೂ ಬಂತು.

ಕೆಳಗೆ ನಮ್ಮವರು ಕೂಗಿದರು: "ವಿವಾ ಮದುಮಗಳು!"

ಅದೇ ಕೂಗು. ಆದರೆ ಈ ಸಲ ನಮ್ಮವರದು. ಆಮೇಲೆ ಪಾತ್ರೆ ತೊಳೆದು ಹೊಸ ನೀರಿಟ್ಟೆ. ಎಲ್ಲರಿಗೂ ಹಸಿವು. ನಾನೂ ಎರಡು ತಟ್ಟೆ ತಿಂದೆ.

ಬುಧವಾರ, ಜುಲೈ 30

ಆ ಸುಟ್ಟವನು ಉಳಿದುಕೊಳ್ಳುತ್ತಾನಂತೆ. ಅವರ ಕಡೆಯವರು ನಿನ್ನೆ ನಮ್ಮ ಮೇಕೆಯವನ ಮೇಕೆಗಳ ಕೆಚ್ಚಲು ಕೊಯ್ದರು. ಬೆರ್ತು ಕೊಯ್ದವನನ್ನು ಹುಡುಕಿ ಗಣಿಯ ಸುತ್ತಿಗೆಯಿಂದ ಮೊಣಕಾಲು ಒಡೆದ. ಸರಿಯಾಯಿತು. ಮೇಕೆಗಳು ಏನು ಮಾಡಿದ್ದವು, ಪಾಪ.

ಮುಂದಿನ ಹಬ್ಬದ ಗರ್ನಾಲಿಗೆ ಒಳಪಟ್ಟಿ ಬೇಕಾಗಿತ್ತು, ಗಟ್ಟಿ ಬಟ್ಟೆ. ಪೆಟ್ಟಿಗೆಯಿಂದ ಅಜ್ಜಿಯ ಹೊದಿಕೆ ತೆಗೆದು ಉದ್ದುದ್ದ ಪಟ್ಟಿ ಹರಿದೆ. ಒಳ್ಳೆಯ ರೇಷ್ಮೆ, ಬೇಗ ಹರಿಯುವುದಿಲ್ಲ. ಹಲ್ಲಿನಿಂದ ಶುರು ಮಾಡಬೇಕಾಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಒಂದು ಅಂಜೂರ ಸುಲಿದು ನನ್ನ ಬಾಯಿಗಿಟ್ಟರು.

ಭಾನುವಾರ, ಆಗಸ್ಟ್ 10

ಅಮ್ಮನನ್ನು ನೋಡಲು ಹೋದೆ. ಈನೆಸ್ ಬಾಗಿಲಲ್ಲೇ ಅಪ್ಪಿಕೊಂಡಳು. ಜಗಳವೆಲ್ಲ ಮರೆತಿದ್ದಳು. ನನ್ನನ್ನು ಒಳಕೋಣೆಗೆ ಎಳೆದೊಯ್ದು ಮಂಚದ ಮೇಲಿನ ಚಾದರ ಸರಿಸಿದಳು.

ಬಾವುಟ. ಚಿನ್ನದ ದಾರದಲ್ಲಿ ಸಂತ ರೋಕ್ಕು, ಪಕ್ಕದಲ್ಲಿ ರೊಟ್ಟಿ ಕಚ್ಚಿದ ನಾಯಿ. ನಾಯಿಯ ಕಣ್ಣು ಒದ್ದೆಯಾದಂತೆ ಹೊಳೆಯುತ್ತದೆ. ಇಂತಹ ಕಸೂತಿ ನಾನು ಇಗರ್ಜಿಯಲ್ಲೂ ನೋಡಿಲ್ಲ. ಕಸೂತಿಯ ಹಿಂದಿನ ಬಟ್ಟೆ ನೀಲಿ. ನನಗೆ ಆ ನೀಲಿ ಗೊತ್ತು.

"ಅಜ್ಜಿಯ ಹೊದಿಕೆಯ ನನ್ನ ಪಾಲು" ಅಂದಳು. "ಲಿಪ್ಪು ಇನ್ನು ಊದೋಕಾಗಲ್ಲ ಅಲ್ವಾ, ಅದಕ್ಕೆ ಕ್ಲಬ್ಬಿನವರು ಅವನಿಗೆ ಬಾವುಟ ಹಿಡಿಯೋ ಕೆಲಸ ಕೊಟ್ಟಿದ್ದಾರೆ. ಶನಿವಾರದ ರೋಕ್ಕು ಹಬ್ಬಕ್ಕೆ ಇದನ್ನೇ ಹಿಡೀತಾನೆ. ಆರು ವಾರದಲ್ಲಿ ಮೊದಲನೇ ಸಲ ನಕ್ಕ, ಅಕ್ಕ. ಬಾಯಿ ಮುಚ್ಕೊಂಡು ನಕ್ಕ."

"ಹೇಗೆ ತಗೊಂಡು ಬರ್ತೀಯ?"

"ಶನಿವಾರ ಬೆಳಿಗ್ಗೆ ಬ್ಯಾಂಡು ಸಮೇತ ಅಂತ ಎಲ್ಲರಿಗೂ ಹೇಳಿದ್ದೀವಿ. ಆದ್ರೆ ಎರಡು ದಿನ ಮುಂಚೆನೇ ನಾನೊಬ್ಬಳೇ ತರ್ತೀನಿ, ಒಲೆ ಕೊಳವೆ ಅನ್ನೋ ಹಾಗೆ ಗೋಣಿ ಸುತ್ತಿ. ಲಿಪ್ಪುವಿಗೂ ಹೇಳಿಲ್ಲ, ಅವನು ಬಂದ್ರೆ ಜನ ನೋಡ್ತಾರೆ. ನಿನಗೊಬ್ಬಳಿಗೇ ಹೇಳ್ತಿರೋದು. ಸ್ಟೇಷನ್ನಿಗೆ ಬಾ ಅಕ್ಕ. ನೀನು ಪಕ್ಕದಲ್ಲಿದ್ರೆ ನನ್ನನ್ನ ಯಾರೂ ಮುಟ್ಟಲ್ಲ."

ಬರುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮಾತು ನಾನು ತಪ್ಪುವವಳಲ್ಲ. ಹೋಗಿಯೇ ಹೋಗುತ್ತೇನೆ.

ಮಂಗಳವಾರ, ಆಗಸ್ಟ್ 12

ನಿನ್ನೆ ಊಟಕ್ಕೆ ಎಲ್ಲರೂ ಕೂತಿದ್ದೆವು. ಬ್ರೆಡ್ಡಿಗೆ ಟೊಮೆಟೊ ಉಜ್ಜಿ ಎಣ್ಣೆ ಹಾಕಿ ಕೊಡುತ್ತಿದ್ದೆ. ಬೆರ್ತು, "ಹೊಸ ಬಾವುಟ ಬರ್ತಿದೆಯಂತೆ ಆ ನಾಯಿಗಳಿಗೆ. ಶನಿವಾರ ನೂರು ಜನ ಸುತ್ತ ಇರ್ತಾರೆ, ಮುಟ್ಟೋಕಾಗಲ್ಲ" ಅಂದ. ವಿಸ್ಟಿನ್ ಬ್ರೆಡ್ಡನ್ನು ಕೆಳಗಿಟ್ಟ. ಅತ್ತೆ ಫೋಟೋ ನೋಡಿದರು. ಯಾರೂ ತಿನ್ನಲಿಲ್ಲ. ಅಷ್ಟು ಚೆನ್ನಾಗಿ ಮಾಗಿದ ಟೊಮೆಟೊ.

ಹೇಳಿದೆ.

ವಿಸ್ಟಿನ್ ಎದ್ದುಬಂದು ಎಲ್ಲರ ಎದುರಿಗೇ ನನ್ನ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟ. ಬೆರ್ತು ಮೇಜು ಬಡಿದ. "ಅತ್ತಿಗೇ! ನಿಮ್ಮನ್ನ ಬ್ಯಾಂಡಿಗೇ ಸೇರಿಸ್ಕೋಬೇಕು!"

"ಬಾವುಟ ಸುಡೋದು ಮಾತ್ರ" ಅಂದೆ. "ಅವಳು ನನ್ನ ತಂಗಿ."

"ಬಾವುಟಾನೇ ತಾನೇ" ಅಂದ ವಿಸ್ಟಿನ್.

"ಆ ಕೈ ಇನ್ನೊಂದು ಹೊಲಿಯಬಾರದು" ಅಂದರು ಅತ್ತೆ, ಮೆಲ್ಲಗೆ. ಕೋಪ ಬಂದರೆ ಅವರು ಹೀಗೇ ಮಾತಾಡುತ್ತಾರೆ, ಅಷ್ಟೇ. ಮನಸ್ಸು ಬೆಣ್ಣೆ. ಇವತ್ತು ಬೆಳಿಗ್ಗೆ ತಮ್ಮ ಮದುವೆಯ ಓಲೆಯನ್ನು ನನ್ನ ಕಿವಿಗೆ ತಾವೇ ಹಾಕಿದರು!

ಬೆರ್ತು ಗಣಿಯಿಂದ ಕಲ್ಲಿನ ಬುಟ್ಟಿ ತಂದು ಸ್ಟೇಷನ್ನಿನ ಗೋಡೆಯ ಹಿಂದೆ ಇಟ್ಟಿದ್ದಾನೆ, ನೀಲಿಯವರು ಯಾರಾದರೂ ಬಂದರೆ ಎಂದು. ಸೀಮೆಎಣ್ಣೆಯ ಡಬ್ಬವೂ ಇದೆ. ಸುತ್ತಿಗೆ ಯಾಕೆ ಎಂದು ಕೇಳಿದೆ. ಪೆಟ್ಟಿಗೆ ಇದ್ದರೆ ಒಡೆಯಲು ಅಂದ. ಗೋಣಿ ಸುತ್ತಿ ತರುತ್ತಾಳೆ ಎಂದು ಹೇಳಿದ್ದೆ. ಮರೆತಿರಬೇಕು.

ಕಲ್ಲುಗಳಲ್ಲಿ ಕೆಲವನ್ನು ನಾನೇ ಆರಿಸಿದೆ. ಉರುಟಾದವು, ಅಂಗೈಗೆ ಹಿಡಿಸುವಂಥವು.

ಕೆಂಪು ಲಂಗ ಇಸ್ತ್ರಿ ಮಾಡಿಟ್ಟಿದ್ದೇನೆ, ದೂರದಿಂದಲೇ ಕಾಣಲಿ ಎಂದು. ಈನೆಸ್‌ಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಗೋಡೆಯ ಪಕ್ಕದಲ್ಲಿ ನಿಂತು ಕೈ ಬೀಸಿದರೆ ಸಾಕು, ಎತ್ತಲೂ ನೋಡದೆ ನೇರ ನನ್ನ ಹತ್ತಿರವೇ ಓಡಿಬರುತ್ತಾಳೆ. ಅವಳಿಗೆಂದು ಪಾಸ್ತಿತ್ಸಿ ತರಿಸಿಡಬೇಕು, ಬಟಾಣಿಯದು.

ಗುರುವಾರ ಬರುತ್ತಾಳೆ, ಸಂಜೆ ಐದರ ಗಾಡಿಗೆ.